ದಾರಿಯ ಹಕ್ಕು ಮತ್ತು ವಾಲಿದ ಗೋಡೆ

ರಸ್ತೆ ಅಪಘಾತದಲ್ಲಿ ತೀರಿಕೊಂಡವನ ಜನಾಝಾ ಹೊರಡುವಾಗ ನಮ್ಮ ಮೊಹಲ್ಲಾಗಳಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: ಅವನ ಆಯುಷ್ಯ ಅಷ್ಟೇ ಇತ್ತು, ಅಲ್ಲಾಹನ ತೀರ್ಮಾನ. ಈ ಮಾತು ಸುಳ್ಳಲ್ಲ. ವಿಧಿಯ ಮೇಲಿನ ವಿಶ್ವಾಸವು ಈಮಾನಿನ ಒಂದು ಅಂಗ. ಮಗನನ್ನು ಕಳೆದುಕೊಂಡ ತಾಯಿಗೆ ಅದರಷ್ಟು ಆಸರೆ ಕೊಡುವ ಮಾತು ಬೇರೊಂದಿಲ್ಲ. ಆದರೆ ಅದೇ ಮಾತನ್ನು ಲಾರಿಯ ಮಾಲಕನೋ, ರಸ್ತೆಯ ಗುತ್ತಿಗೆದಾರನೋ, ಡಿವೈಡರ್ ಒಡೆದು ದಾರಿ ಮಾಡಿಕೊಂಡ ಊರಿನವರೋ ಹೇಳತೊಡಗಿದರೆ ಅದು ಸಾಂತ್ವನವಾಗಿ ಉಳಿಯುವುದಿಲ್ಲ. ಹೊಣೆಯನ್ನು ಕಳಚಿ ಅಲ್ಲಾಹನ ಮೇಲೆ ಹೊರಿಸಿದಂತಾಗುತ್ತದೆ.

ಹ.ಉಮರ್(ರ)ರವರು ಸಿರಿಯಾದ ಕಡೆಗೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹರಡಿದೆಯೆಂಬ ಸುದ್ದಿ ಸರ್ಗ್ ಎಂಬಲ್ಲಿ ತಲುಪಿತು. ಅವರು ಸಹಾಬಿಗಳೊಂದಿಗೆ ಸಮಾಲೋಚಿಸಿ ಹಿಂತಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಹ.ಅಬೂ ಉಬೈದಾ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಕಣಿವೆಯ ಒಂದು ಮಗ್ಗುಲು ಹಸಿರು, ಇನ್ನೊಂದು ಬರಡು. ಒಂಟೆಗಳನ್ನು ಎಲ್ಲಿ ಮೇಯಿಸಿದರೂ ವಿಧಿಯಂತೆಯೇ, ಆದರೂ ಬುದ್ಧಿಯುಳ್ಳ ಕುರುಬನು ಹಸಿರಿನ ಕಡೆಗೆ ಹೊಡೆಯುತ್ತಾನೆ ಎಂಬ ಉದಾಹರಣೆಯನ್ನೂ ಕೊಟ್ಟರು. ಪ್ಲೇಗಿಗೆ ಅನ್ವಯಿಸಿದ ಈ ವಿವೇಕವು ಹೆದ್ದಾರಿಗೆ ಏಕೆ ಅನ್ವಯಿಸಬಾರದು? 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಪ್ಲೇಗಾದರೆ ಊರು ಬಿಡುತ್ತಿದ್ದೆವು. ಇದಕ್ಕೆ ಮಾತ್ರ ಒಗ್ಗಿಹೋಗಿದ್ದೇವೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಊರುಗಳವರ ಬದುಕು ಒಂದು ರಸ್ತೆಗೆ ಕಟ್ಟುಬಿದ್ದಿದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎಂದು ಕರೆಯುತ್ತಿದ್ದ, 2010ರ ಮರುಸಂಖ್ಯೆಯ ನಂತರ 75 ಆಗಿರುವ ರಸ್ತೆ ಅದು. ಶ್ರೀನಿವಾಸಪುರದ ಮಾವು, ಕೋಲಾರ ಎಪಿಎಂಸಿಯ ಟೊಮೆಟೊ, ಮಾಲೂರಿನ ಹೆಂಚು ಇಟ್ಟಿಗೆ, ನಂಗಲಿಯ ಕಡೆಯಿಂದ ಗಡಿ ದಾಟಿ ಬರುವ ಆಂಧ್ರದ ಸರಕು ಎಲ್ಲವೂ ಬೇರೆ ಬೇರೆ ದಾರಿಗಳಿಂದ ಬಂದು ಅದನ್ನೇ ಸೇರುತ್ತವೆ. ನರಸಾಪುರದಲ್ಲಿ ಕಾರ್ಖಾನೆಗಳು ಬಂದ ಮೇಲೆ ಪಾಳಿ ಮುಗಿಯುವ ಹೊತ್ತಿಗೆ ಕಾರ್ಮಿಕರ ಬಸ್ಸುಗಳದೇ ಒಂದು ಸಾಲು. ಹೊಸಕೋಟೆ ದಾಟಿ ಈ ರಸ್ತೆ ಬೆಂಗಳೂರಿನ ಬಾಗಿಲಿಗೆ ಬರುವುದು ಕೆ.ಆರ್.ಪುರದಲ್ಲಿ. ಆಸ್ಪತ್ರೆಗೆ ಹೋಗುವವನೂ, ಕೆಲಸ ಹುಡುಕಿ ಹೋಗುವವನೂ, ಹಜ್ಜಿಗೆ ಹೊರಟವರನ್ನು ಬೀಳ್ಕೊಡಲು ಹೋಗುವ ನೆಂಟರಿಷ್ಟರೂ ಆ ಬಾಗಿಲಲ್ಲಿ ಕಾಯಲೇಬೇಕು. ಮಾಲೂರಿನಿಂದ ರೈಲು ಹಿಡಿದವನು ತಪ್ಪಿಸಿಕೊಂಡೆನೆಂದುಕೊಂಡರೆ, ಕೆ.ಆರ್.ಪುರ ನಿಲ್ದಾಣದಲ್ಲಿ ಇಳಿದ ಕೂಡಲೇ ಅವನೂ ಅದೇ ಗೊಂದಲದೊಳಗೆ ಕಾಲಿಡುತ್ತಾನೆ.

ಅಲ್ಲಿನ ತೂಗು ಸೇತುವೆಯನ್ನು ಎಲ್ಲರೂ ನೋಡಿದ್ದಾರೆ. ರೈಲು ಹಳಿಗಳ ಮೇಲೆ ಕಂಬಿಗಳಿಂದ ಎತ್ತಿ ಕಟ್ಟಿದ ಈ ಸೇತುವೆ 2003ರಲ್ಲಿ ಉದ್ಘಾಟನೆಯಾಯಿತು. ರೈಲ್ವೆ ಗೇಟಿನ ಕಾಯುವಿಕೆ ತಪ್ಪಿತು, ನಿಜ. ಆದರೆ ಸೇತುವೆಯಿಂದ ಇಳಿದ ವಾಹನ ನಿಲ್ಲುವುದೆಲ್ಲಿ? ಕೋಲಾರದ ಕಡೆಯಿಂದ ಬಂದದ್ದು, ಹೆಬ್ಬಾಳದಿಂದ ಹೊರವರ್ತುಲ ರಸ್ತೆಯಲ್ಲಿ ಬಂದದ್ದು, ಮಹದೇವಪುರದ ಕಡೆಯಿಂದ ಬಂದದ್ದು ಎಲ್ಲವೂ ಟಿನ್ ಫ್ಯಾಕ್ಟರಿಯ ಆಸುಪಾಸಿನ ಸ್ವಲ್ಪ ಜಾಗದೊಳಗೆ ಒಂದರ ಮೈಮೇಲೆ ಒಂದು ಬಿದ್ದಂತೆ ಕೂಡುತ್ತವೆ. ಎಡದಿಂದ ಬಂದವನಿಗೆ ಬಲಕ್ಕೆ ಹೋಗಬೇಕು, ಬಲದಿಂದ ಬಂದವನಿಗೆ ಎಡಕ್ಕೆ. ಜಡೆ ಹೆಣೆದಂತೆ ಒಬ್ಬರನ್ನೊಬ್ಬರು ದಾಟಬೇಕು. ಆದರೆ ಹೆಣೆಯುವಷ್ಟು ಉದ್ದ ಅಲ್ಲಿ ಇಲ್ಲ. ಅದರ ನಡುವೆ ಬಸ್ಸು ನಿಲ್ಲುತ್ತದೆ, ಆಟೊ ತಿರುಗುತ್ತದೆ, ರೈಲಿಗೆ ಹೊತ್ತಾದವರು ಚೀಲ ಹೊತ್ತು ಓಡುತ್ತಾರೆ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್.ಪುರಕ್ಕೆ ಮೆಟ್ರೊ ಸೇರಿಕೊಂಡಿತು. ಅನೇಕರಿಗೆ ದೊಡ್ಡ ಅನುಕೂಲವಾಯಿತು. ಆದರೆ ಮೆಟ್ರೊ ಹತ್ತುವವರೂ ಇಳಿಯುವವರೂ ನಡೆದಾಡುವುದು ಅದೇ ನೆಲದ ಮೇಲೆ.

ಎಂಜಿನಿಯರುಗಳು ಇದನ್ನು ಒಂದು ಲೆಕ್ಕದಿಂದ ವಿವರಿಸುತ್ತಾರೆ. ನಾಲ್ಕು ದಾರಿಗಳು ಸುಮ್ಮನೆ ಒಂದನ್ನೊಂದು ಕತ್ತರಿಸುವ ಸಾದಾ ಕೂಡುರಸ್ತೆಯಲ್ಲಿ ವಾಹನ ವಾಹನಕ್ಕೆ ತಾಗಬಹುದಾದ ಜಾಗಗಳು 32. ಅವುಗಳಲ್ಲಿ 16 ಅಡ್ಡ ದಾಟುವ ಜಾಗಗಳು. ಸಾವು ಹೆಚ್ಚಾಗಿ ಅಡಗಿರುವುದು ಅಲ್ಲೇ. ಮೂರು ದಾರಿಗಳ ಕೂಟದಲ್ಲಿ ಅಂಥ ಜಾಗ 9, ವೃತ್ತದಲ್ಲಿ 8. ಮೇಲ್ಸೇತುವೆ, ಕೆಳದಾರಿ, ಸುತ್ತುದಾರಿ ಇವುಗಳೆಲ್ಲದರ ಉದ್ದೇಶ ಈ ಜಾಗಗಳನ್ನು ಕಡಿಮೆ ಮಾಡುವುದು, ಉಳಿದವುಗಳನ್ನು ಒಂದರಿಂದೊಂದು ದೂರ ಇಡುವುದು, ಅಲ್ಲಿ ವೇಗವನ್ನು ತಗ್ಗಿಸುವುದು. ಡ್ರೈವರುಗಳೆಲ್ಲ ಸದಾ ಎಚ್ಚರವಾಗಿರುತ್ತಾರೆಂದು ನಂಬಿ ಕಟ್ಟಿದ ರಸ್ತೆ ಒಳ್ಳೆಯ ರಸ್ತೆಯಲ್ಲ. ಮನುಷ್ಯನು ಮರೆಯುತ್ತಾನೆ, ತೂಕಡಿಸುತ್ತಾನೆ, ಅಂದಾಜು ತಪ್ಪುತ್ತಾನೆ. ಅವನು ದುರ್ಬಲನಾಗಿ ಸೃಷ್ಟಿಸಲ್ಪಟ್ಟಿದ್ದಾನೆಂದು ಪವಿತ್ರ ಕುರ್‌ಆನ್ (ಅನ್ನಿಸಾ: 28) ಹೇಳುವುದು ಸುಮ್ಮನಲ್ಲ. ಅವನ ಒಂದು ಕ್ಷಣದ ತಪ್ಪಿಗೆ ಮರಣದಂಡನೆ ವಿಧಿಸದಂತಹ ರಸ್ತೆ ಕಟ್ಟುವುದು ಕೇವಲ ಕಾಮಗಾರಿಯೆಂದು ನಾನು ಭಾವಿಸುವುದಿಲ್ಲ. ಅದು ಅಮಾನತ್ತು.

ಇದೆಲ್ಲ ಸರಕಾರದ ಕೆಲಸ, ದೀನಿನ ಪತ್ರಿಕೆಯಲ್ಲಿ ಇದಕ್ಕೇನು ಜಾಗ ಎಂದು ಕೆಲವರಿಗೆ ಅನಿಸಬಹುದು. ದಾರಿಯಿಂದ ಉಪದ್ರವಕಾರಿ ವಸ್ತುವನ್ನು ಸರಿಸುವುದು ಈಮಾನಿನ ಶಾಖೆಗಳಲ್ಲೊಂದು ಎಂಬ ಹದೀಸ್ ಮದ್ರಸಾದ ಮಕ್ಕಳಿಗೂ ಬಾಯಿಪಾಠ. ಆದರೆ ನಾವು ಅದನ್ನು ಮುಳ್ಳು, ಕಲ್ಲು, ಬಾಳೆಹಣ್ಣಿನ ಸಿಪ್ಪೆಗೆ ನಿಲ್ಲಿಸಿಬಿಟ್ಟಿದ್ದೇವೆ. ನಮ್ಮ ಫುಕಹಾಗಳು ಅಲ್ಲಿಗೆ ನಿಲ್ಲಿಸಿರಲಿಲ್ಲ. ಹಿಜರಿ 593ರಲ್ಲಿ ನಿಧನರಾದ ಇಮಾಮ್ ಮರ್ಗೀನಾನಿಯವರ ‘ಹಿದಾಯಾ’ ನಮ್ಮ ಮದ್ರಸಾಗಳಲ್ಲಿ ಇಂದಿಗೂ ಪಾಠವಾಗುವ ಹನಫೀ ಗ್ರಂಥ. ಅದರಲ್ಲಿ ಮನುಷ್ಯನು ದಾರಿಯಲ್ಲಿ ನಿರ್ಮಿಸುವ ವಸ್ತುಗಳ ಬಗ್ಗೆಯೇ ಒಂದು ಅಧ್ಯಾಯವಿದೆ. ದಾರಿಗೆ ಚಾಚಿದ ಅಂಗಡಿ, ದಾರಿಯ ಮೇಲೆ ನೀರು ಸುರಿಸುವ ದೋಣಿ, ದಾರಿಯಲ್ಲಿ ಚೆಲ್ಲಿದ ನೀರಿಗೆ ಕಾಲು ಜಾರಿದವನು, ದಾರಿಯಲ್ಲಿಟ್ಟ ಮರದ ದಿಮ್ಮಿ ಇವೆಲ್ಲದರ ಚರ್ಚೆಯಿದೆ. ಸಾರ್ವಜನಿಕ ದಾರಿಯಲ್ಲಿ ಅನುಮತಿಯಿಲ್ಲದೆ ಬಾವಿ ತೋಡಿ, ಅದರಲ್ಲಿ ಯಾರಾದರೂ ಬಿದ್ದು ಸತ್ತರೆ ತೋಡಿದವನ ಪಾಳಯದವರು ರಕ್ತಪರಿಹಾರ ತೆರಬೇಕು. ಕೊಲ್ಲುವ ಉದ್ದೇಶ ಅವನಿಗಿರಲಿಲ್ಲ. ಅವನ ಕೈ ಸತ್ತವನನ್ನು ಮುಟ್ಟಲೂ ಇಲ್ಲ. ಆದರೂ ಇದನ್ನು ಕೊಲೆಯ ವಿಧಗಳಲ್ಲೊಂದಾಗಿ, ಕಾರಣದ ಮೂಲಕದ ಕೊಲೆ ಎಂಬ ಹೆಸರಿನಲ್ಲಿ ಲೆಕ್ಕ ಹಾಕಲಾಗಿದೆ.

ಈ ದೃಷ್ಟಿಯಿಂದ ನೋಡಿದರೆ ಅಪಘಾತವೆಂಬ ಮಾತೇ ಸ್ವಲ್ಪ ಸಡಿಲವಾಗುತ್ತದೆ. ಕತ್ತಲಲ್ಲಿ ದೀಪವಿಲ್ಲದ ತಿರುವು, ಸೂಚನಾ ಫಲಕವಿಲ್ಲದೆ ಥಟ್ಟನೆ ಮುಗಿಯುವ ಸರ್ವಿಸ್ ರಸ್ತೆ, ಕಾಮಗಾರಿ ಮುಗಿದರೂ ಮುಚ್ಚದ ಗುಂಡಿ ಇವೆಲ್ಲ ದಾರಿಯಲ್ಲಿ ತೋಡಿದ ಬಾವಿಗಳಲ್ಲದೆ ಇನ್ನೇನು? ನಮ್ಮ ದೇಶದ ಕಾನೂನೂ ತಡವಾಗಿಯಾದರೂ ಈ ಮಾತಿಗೆ ಬಂದಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತ ಅಧಿಕಾರಿ, ಗುತ್ತಿಗೆದಾರ ಅಥವಾ ಸಲಹೆಗಾರನು ಸುರಕ್ಷತೆಯ ಮಾನದಂಡ ಪಾಲಿಸದೆ ಅದರಿಂದ ಸಾವೋ ಅಂಗವೈಕಲ್ಯವೋ ಆದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಹಿದಾಯಾದ ರಕ್ತಪರಿಹಾರ ನೂರು ಒಂಟೆ. ಯಾವುದು ಜೀವಕ್ಕೆ ಹೆಚ್ಚು ಬೆಲೆ ಕಟ್ಟಿತೆಂದು ಓದುಗರೇ ತೂಗಿ ನೋಡಲಿ.

ಇನ್ನು ವೇಗದ ಪ್ರಶ್ನೆ. ದಟ್ಟಣೆಯಲ್ಲಿ ಹೇಗೆ ನಡೆಯಬೇಕೆಂಬುದಕ್ಕೆ ಪ್ರವಾದಿವರ್ಯರ(ಸ) ವಿದಾಯದ ಹಜ್ಜಿನಲ್ಲೇ ನಿದರ್ಶನವಿದೆ. ಅರಫಾತಿನಿಂದ ಮುಝ್ದಲಿಫಾಕ್ಕೆ ಜನಸಾಗರ ಹೊರಟಿತ್ತು. ಹಿಂದಿನಿಂದ ಒಂಟೆಗಳನ್ನು ಹೊಡೆದು ಅಬ್ಬರಿಸುವ ಸದ್ದು ಕೇಳಿದಾಗ ಪ್ರವಾದಿವರ್ಯರು(ಸ) ಚಾಟಿಯಿಂದ ಸನ್ನೆ ಮಾಡಿ ಶಾಂತರಾಗಿರಲು ಹೇಳಿದರು, ಪುಣ್ಯವಿರುವುದು ಅವಸರದಲ್ಲಲ್ಲವೆಂದು ತಿಳಿಸಿದರು. ತಮ್ಮ ಒಂಟೆ ಖಸ್ವಾದ ಮೂಗುದಾರವನ್ನು ಎಷ್ಟು ಬಿಗಿಹಿಡಿದಿದ್ದರೆಂದರೆ ಅದರ ತಲೆ ಜೀನಿಗೆ ತಾಗುವಂತಿತ್ತೆಂದು ಹ.ಜಾಬಿರ್(ರ) ವರದಿ ಮಾಡುತ್ತಾರೆ. ದಿಬ್ಬ ಬಂದಾಗ ಹತ್ತಲೆಂದು ಸ್ವಲ್ಪ ಸಡಿಲಿಸುತ್ತಿದ್ದರು. ಹ.ಉಸಾಮಾ(ರ) ಇನ್ನೊಂದು ವಿವರ ಸೇರಿಸುತ್ತಾರೆ: ಗುಂಪಿನಲ್ಲಿ ಹದವಾದ ನಡಿಗೆ, ಮುಂದೆ ತೆರಪು ಸಿಕ್ಕಾಗ ವೇಗ. ಇಂದಿನ ಸಂಚಾರಶಾಸ್ತ್ರ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ದಟ್ಟಣೆಯಲ್ಲಿ ಒಬ್ಬನು ನುಗ್ಗಿ ಬ್ರೇಕ್ ಹಾಕಿದರೆ ಅವನ ಹಿಂದಿನವನು ಇನ್ನಷ್ಟು ಜೋರಾಗಿ ಬ್ರೇಕ್ ಹಾಕುತ್ತಾನೆ, ಅವನ ಹಿಂದಿನವನು ನಿಂತೇಬಿಡುತ್ತಾನೆ. ನುಗ್ಗಿದವನು ಹೊರಟುಹೋಗಿರುತ್ತಾನೆ, ಹಿಂದೆ ಸಾಲು ಬೆಳೆಯುತ್ತಲೇ ಇರುತ್ತದೆ. ಆ ಸಾಲಿನಲ್ಲಿ ಆಂಬುಲೆನ್ಸ್ ಇರಬಹುದು.

ಅದೇ ಹಜ್ಜಿನ ನೆಲದಲ್ಲಿ ನಮ್ಮ ಕಾಲದಲ್ಲಿ ನಡೆದುದನ್ನೂ ನೋಡಬೇಕು. 2006ರ ಜನವರಿ 12ರಂದು ಜಮರಾತಿನ ಸೇತುವೆಯ ಪೂರ್ವ ದಿಕ್ಕಿನ ಪ್ರವೇಶದಲ್ಲಿ ಜನ ಸಾಮಾನುಗಳಿಗೆ ಎಡವಿ ಬಿದ್ದರು, ಹಿಂದಿನವರಿಗೆ ಅದು ತಿಳಿಯಲಿಲ್ಲ, 340ಕ್ಕೂ ಹೆಚ್ಚು ಹಾಜಿಗಳು ತುಳಿತಕ್ಕೆ ಸಿಕ್ಕಿ ಸತ್ತರು. ಅಲ್ಲಾಹನ ಮನೆಯ ಅತಿಥಿಗಳು ಅವರು, ಅವರ ನಿಯ್ಯತ್ತಿನಲ್ಲಿ ಕೊರತೆಯಿತ್ತೆಂದು ಯಾರೂ ಹೇಳಲಾರರು. ಆಮೇಲೆ ಹಳೆಯ ಸೇತುವೆಯನ್ನು ಕೆಡವಿ ಐದು ಅಂತಸ್ತಿನ, ಸುಮಾರು 950 ಮೀಟರ್ ಉದ್ದ, 80 ಮೀಟರ್ ಅಗಲದ ಹೊಸದನ್ನು ಕಟ್ಟಿದರು. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ ಮಾಡಿದರು. ಕಲ್ಲೆಸೆಯುವ ಸ್ತಂಭಗಳನ್ನು ಅದಕ್ಕೆ ಮೊದಲೇ, 2004ರ ದುರಂತದ ನಂತರ, ಉದ್ದನೆಯ ಗೋಡೆಗಳನ್ನಾಗಿ ಬದಲಿಸಿದ್ದರು. ಒಂದೇ ಬಿಂದುವಿನ ಸುತ್ತ ಎಲ್ಲರೂ ಮುತ್ತದಿರಲೆಂದು. ಹೊಸ ಸೇತುವೆಯ ಮೇಲೆ ಅಂಥ ದುರಂತ ಮತ್ತೆ ನಡೆದಿಲ್ಲ. ಆದರೆ 2015ರ ಸೆಪ್ಟೆಂಬರ್ 24ರಂದು, ಆ ಸೇತುವೆಗೆ ಹೋಗುವ ಮಿನಾದ 204 ಮತ್ತು 223ನೇ ಬೀದಿಗಳು ಕೂಡುವಲ್ಲಿ ಎರಡು ಜನಪ್ರವಾಹಗಳು ಎದುರುಬದುರಾದವು. ಸೌದಿ ಸರಕಾರದ ಲೆಕ್ಕ 769. ಬೇರೆ ಬೇರೆ ದೇಶಗಳು ಕೊಟ್ಟ ತಮ್ಮವರ ಲೆಕ್ಕ ಕೂಡಿಸಿದರೆ ಎರಡು ಸಾವಿರಕ್ಕೂ ಮೇಲೆ. ಸೇತುವೆ ಸರಿಯಾಗಿತ್ತು, ಅದಕ್ಕೆ ಕೂಡುವ ಬೀದಿ ಸರಿಯಾಗಿರಲಿಲ್ಲ.

ಕೆ.ಆರ್.ಪುರದ ಪಾಠವೂ ಇದೇ ಅಲ್ಲವೇ? ಒಂದು ಕಡೆ ಬಿಗಿ ಬಿಚ್ಚಿದರೆ ದಟ್ಟಣೆಯು ಮುಂದಿನ ಗಂಟಿಗೆ ಹೋಗಿ ಕೂರುತ್ತದೆ. ಹೆಬ್ಬಾಳದ ಮೇಲ್ಸೇತುವೆ 2003ರದ್ದು. ಅದಕ್ಕೆ 2025ರ ಆಗಸ್ಟಿನಲ್ಲಿ ಹೊಸ ಲೂಪ್ ಸೇರಿಸಬೇಕಾಯಿತು. ಸೇತುವೆ ಉದ್ಘಾಟನೆಗೆ ಬರುವ ಹೂವಿನ ಹಾರಗಳಲ್ಲಿ ಒಂದು ಪಾಲು ಖರ್ಚಾದರೂ ಸಾಕು, ಬಸ್ ನಿಲ್ದಾಣವನ್ನು ಕೂಡುವ ಜಾಗದಿಂದ ನೂರಿನ್ನೂರು ಮೀಟರ್ ದೂರ ಸರಿಸಬಹುದು, ನಡೆಯುವವರಿಗೆ ಕಂಬಿ ಹಾಕಿಸಬಹುದು, ಮಾಸಿದ ಬಿಳಿ ಗೆರೆಗಳನ್ನು ಮತ್ತೆ ಬಳಿಸಬಹುದು. ಇಂಥ ಕೆಲಸಕ್ಕೆ ಕಲ್ಲಿನ ಮೇಲೆ ಹೆಸರು ಕೆತ್ತುವುದಿಲ್ಲವಾದುದರಿಂದ ಯಾರೂ ಮುಂದೆ ಬರುವುದಿಲ್ಲ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಉದ್ಭವಿಸುತ್ತದೆ. ಸಂಚಾರ ಸರಾಗವಾಗುವುದು ಒಂದು ಒಳಿತು, ಜೀವ ಉಳಿಯುವುದು ಇನ್ನೊಂದು. ಇವೆರಡೂ ಸದಾ ಜೊತೆಯಾಗಿ ಬರುತ್ತವೆಂದು ತಿಳಿಯಬಾರದು. ನಿಂತು ತೆವಳುವ ದಟ್ಟಣೆಯಲ್ಲಿ ಜನ ಬೈದುಕೊಳ್ಳುತ್ತಾರೆಯೇ ಹೊರತು ಸಾಯುವುದು ಕಡಿಮೆ. ಅದೇ ರಸ್ತೆ ಬಿಡುವಾದಾಗ ವಾಹನ ಎರಡು ಪಟ್ಟು ವೇಗದಲ್ಲಿ ಬರುತ್ತದೆ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆಯ ಮೂಲಕ ಬೇತಮಂಗಲದವರೆಗಿನ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಸುಮಾರು 71 ಕಿಲೋಮೀಟರ್ 2024ರ ಕೊನೆಗೆ ಸಂಚಾರಕ್ಕೆ ತೆರೆದುಕೊಂಡಿತು. ಅತಿವೇಗದ ಕಾರುಗಳಿಗೆಂದು ಕಟ್ಟಿದ ರಸ್ತೆಗೆ ಊರಿನ ಹುಡುಗರು ಬೈಕು ಹತ್ತಿಸಿದರು, ಅಪಘಾತಗಳಾದವು. ಹುಡುಗರದು ತಪ್ಪೇ. ಆದರೆ ಹೊಲದಿಂದ ಹೊಲಕ್ಕೆ ಹೋಗುವ ಅವರ ಹಳೆಯ ದಾರಿಗೆ ಎಲ್ಲೆಲ್ಲಿ ಕೆಳದಾರಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಎಂಬುದನ್ನೂ ಕೇಳಬೇಕು. ಬೆಂಗಳೂರಿನಿಂದ ಚೆನ್ನೈಗೆ ಹೋಗುವವನಿಗೆ ಒಂದೆರಡು ಗಂಟೆ ಉಳಿದು, ಹುಲ್ಲು ಹೊರೆ ಹೊತ್ತ ಮುದುಕಿಗೆ ಎರಡು ಕಿಲೋಮೀಟರ್ ಸುತ್ತು ಬಿದ್ದರೆ, ಅವಳು ಸುತ್ತುವುದಿಲ್ಲ, ಅಡ್ಡ ದಾಟುತ್ತಾಳೆ. ಲಾಭ ತರುವುದಕ್ಕಿಂತ ಹಾನಿ ತಡೆಯುವುದು ಮೊದಲು ಎಂಬುದು ಫಿಕ್ಹಿನ ಒಂದು ಮೂಲ ನಿಯಮ. ಆದುದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಯಾವ ಜಂಕ್ಷನ್ನಿನಲ್ಲೂ ಮೊದಲು ನಡೆಯುವವಳ ದಾರಿ ಗೊತ್ತುಮಾಡಬೇಕು, ಕಾರಿನ ದಾರಿ ನಂತರ. ಅದರಿಂದ ಕಾರಿಗೆ ಐದು ನಿಮಿಷ ತಡವಾದರೆ ಆಗಲಿ.

ಯೂಫ್ರಟೀಸ್ ನದಿಯ ದಡದಲ್ಲಿ ಒಂದು ಪ್ರಾಣಿ ಆರೈಕೆಯಿಲ್ಲದೆ ಸತ್ತರೂ ಅದರ ಬಗ್ಗೆ ಅಲ್ಲಾಹನು ತನ್ನನ್ನು ಪ್ರಶ್ನಿಸಿಯಾನೆಂದು ಹ.ಉಮರ್(ರ) ಭಯಪಡುತ್ತಿದ್ದರೆಂದು ವರದಿಗಳಿವೆ. (ನಮ್ಮ ವಅಝ್‌ಗಳಲ್ಲಿ ಅದನ್ನು ರಸ್ತೆ ಸಮತಟ್ಟು ಮಾಡದಿದ್ದುದರಿಂದ ಎಡವಿದ ಹೇಸರಗತ್ತೆಯೆಂದು ಹೇಳುವುದುಂಟು, ಹಳೆಯ ಗ್ರಂಥಗಳಲ್ಲಿ ಕುರಿ ಅಥವಾ ಒಂಟೆಯ ಹೆಸರಿದೆ.) ಈ ಪ್ರಸಂಗವನ್ನು ಮಂತ್ರಿಗಳಿಗೆ ಕೇಳಿಸುವಂತೆ ಹೇಳಲು ನಮಗೆ ಬಹಳ ಇಷ್ಟ. ಮಂತ್ರಿಗಳಲ್ಲದ ನಮ್ಮ ಸಂಗತಿಯೇನು? ಒಂದು ಯುದ್ಧಯಾತ್ರೆಯಲ್ಲಿ ಕೆಲವರು ಇತರರ ತಂಗುವ ಜಾಗ ಇಕ್ಕಟ್ಟು ಮಾಡಿ ದಾರಿ ಕಟ್ಟಿದರು. ಅಂಥವರಿಗೆ ಜಿಹಾದಿನ ಪ್ರತಿಫಲವಿಲ್ಲವೆಂದು ಪ್ರವಾದಿವರ್ಯರು(ಸ) ಸಾರಿಸಿದ ಪ್ರಸಂಗ ಅಬೂ ದಾವೂದಿನಲ್ಲಿದೆ. ಅಷ್ಟು ದೊಡ್ಡ ಆರಾಧನೆಯೂ ದಾರಿ ಕಟ್ಟಿದ್ದಕ್ಕೆ ನಷ್ಟವಾಗುವುದಾದರೆ, ಜುಮಾ ನಮಾಝಿಗೆ ಬಂದವನು ತಿರುವಿನ ಬಾಯಲ್ಲೇ ಸ್ಕೂಟರ್ ಅಡ್ಡ ನಿಲ್ಲಿಸಿ ಒಳಗೆ ಹೋಗಿ ಮೊದಲ ಸಾಲಿಗೆ ಧಾವಿಸುವುದನ್ನು ಏನೆನ್ನಬೇಕು? ರಾತ್ರಿ ತಂಗುವಾಗ ದಾರಿಯ ಮೇಲೆ ತಂಗಬಾರದೆಂಬ ಹದೀಸ್ ಮುಸ್ಲಿಮ್‌ನಲ್ಲಿದೆ. ಮಾವಿನ ಕಾಲದಲ್ಲಿ, ಟೊಮೆಟೊ ಹಂಗಾಮಿನಲ್ಲಿ ಹಿಂದಿನ ದೀಪ ಕೂಡ ಹಚ್ಚದೆ ಹೆದ್ದಾರಿಯ ಅಂಚಿನಲ್ಲಿ ಮಲಗಿರುವ ಲಾರಿಗಳಿಗೆ ಎಷ್ಟು ಬೈಕುಗಳು ಬಡಿಯುತ್ತವೆಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆ ಲಾರಿಗಳ ಡ್ರೈವರು, ಮಾಲಕ, ದಲ್ಲಾಳಿಗಳಲ್ಲಿ ನಮ್ಮವರೂ ಇದ್ದಾರೆ. ಮುಳಬಾಗಿಲಿನ ಬಾಬಾ ಹೈದರ್ ವಲೀ ದರ್ಗಾದ ಉರುಸಿಗೆ ಬರುವವರ ವಾಹನಗಳಿಗೆ ಊರಾಚೆ ಒಂದು ಮೈದಾನ ಗೊತ್ತುಮಾಡುವುದು ಹತ್ತು ಜನ ಸ್ವಯಂಸೇವಕರ ಕೆಲಸ. ಅರ್ಧ ಕಿಲೋಮೀಟರ್ ಮುಂದೆ ಹೋಗಿ ತಿರುಗಲು ಬೇಸರಪಟ್ಟು ರಾಂಗ್ ಸೈಡಿನಲ್ಲಿ ಬರುವವನಿಗೆ, ಅವನು ಐದು ಹೊತ್ತು ನಮಾಝಿಯಾದರೂ, ಇದು ಗುನಾಹೆಂದು ಮನೆಯವರಾದರೂ ಹೇಳಬೇಕು. ಎದುರಿನಿಂದ ಬರುವವನು ಆ ಕಡೆಯಿಂದ ಯಾರನ್ನೂ ನಿರೀಕ್ಷಿಸಿರುವುದಿಲ್ಲ.

ಆದರೂ ಜಂಕ್ಷನ್ನಿನ ರೂಪವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಅಧಿಕಾರ ಇರುವವರ ಕೈಯಲ್ಲಿದೆ. ಇಲ್ಲಿ ಹಿದಾಯಾದ ಇನ್ನೊಂದು ಭಾಗ ನೆನಪಿಗೆ ಬರುತ್ತದೆ. ಅದು ವಾಲಿದ ಗೋಡೆಯ ಪ್ರಕರಣ. ಒಬ್ಬನ ಮನೆಯ ಗೋಡೆ ಸಾರ್ವಜನಿಕ ದಾರಿಯ ಕಡೆಗೆ ವಾಲಿದೆ. ಅದು ತಾನಾಗಿ ಬಿದ್ದು ಯಾರಾದರೂ ಸತ್ತರೆ, ಯಾರೂ ಅವನಿಗೆ ಹೇಳಿರದಿದ್ದರೆ ಅವನ ಮೇಲೆ ಪರಿಹಾರದ ಹೊಣೆಯಿಲ್ಲ. ಆದರೆ ಗೋಡೆ ಕೆಡವೆಂದು ಅವನನ್ನು ಒತ್ತಾಯಿಸಿ, ಅದಕ್ಕೆ ಸಾಕಾಗುವಷ್ಟು ಕಾಲ ಕಳೆದ ಮೇಲೂ ಅವನು ಸುಮ್ಮನಿದ್ದರೆ ಹೊಣೆ ಅಂಟಿಕೊಳ್ಳುತ್ತದೆ. ಹೇಳಬೇಕಾದುದು ಕೆಡವುವ ಅಧಿಕಾರವುಳ್ಳವನಿಗೆ. ಬಾಡಿಗೆದಾರನಿಗೆ ಹೇಳಿದರೆ ಪ್ರಯೋಜನವಿಲ್ಲ. ಸಾಕ್ಷಿ ಇಡುವುದು ಏಕೆಂದರೆ ನಾಳೆ ತನಗೆ ಯಾರೂ ಹೇಳಲಿಲ್ಲವೆಂದು ಅವನು ನಿರಾಕರಿಸದಿರಲಿ ಎಂದು. ಮುಖ್ಯವಾದ ಮಾತು ಇದು: ಆ ಒತ್ತಾಯದಲ್ಲಿ ಮುಸ್ಲಿಮನೂ ಮುಸ್ಲಿಮೇತರನೂ ಸಮಾನರು. ಏಕೆಂದರೆ ದಾರಿಯಲ್ಲಿ ನಡೆಯುವ ಹಕ್ಕಿನಲ್ಲಿ ಎಲ್ಲರೂ ಪಾಲುದಾರರು.

ನಮ್ಮ ನಾಲ್ಕು ತಾಲೂಕುಗಳಲ್ಲಿ ವಾಲಿದ ಗೋಡೆಗಳು ಎಲ್ಲೆಲ್ಲಿವೆಯೆಂದು ಊರವರಿಗೆಲ್ಲ ಗೊತ್ತು. ಚಹಾ ಅಂಗಡಿಯಲ್ಲಿ ಅದರ ಚರ್ಚೆ ದಿನವೂ ನಡೆಯುತ್ತದೆ. ಅದು ಬಾಡಿಗೆದಾರನಿಗೆ ಹೇಳಿದಂತೆ. ಬಿಸಿಲಲ್ಲಿ ನಿಂತ ಟ್ರಾಫಿಕ್ ಪೇದೆಯನ್ನು ಬೈಯುವುದೂ ಅಷ್ಟೇ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿಯಿದೆ. ಹೆದ್ದಾರಿಗೆ ಹೆದ್ದಾರಿ ಪ್ರಾಧಿಕಾರ, ಉಳಿದ ಮುಖ್ಯ ರಸ್ತೆಗಳಿಗೆ ಲೋಕೋಪಯೋಗಿ ಇಲಾಖೆ ಇದೆ. ಒಂದು ಜುಮಾದ ನಂತರ ಜಮಾಅತಿನ ನಾಲ್ಕು ಜನ, ಅದೇ ಊರಿನ ದೇವಸ್ಥಾನ ಸಮಿತಿಯ, ಚರ್ಚಿನ, ಗ್ರಾಮ ಪಂಚಾಯಿತಿಯ ನಾಲ್ಕು ಜನರನ್ನು ಕರೆದುಕೊಂಡು ಆ ಜಾಗಕ್ಕೆ ಹೋಗಿ ನಿಲ್ಲಲಿ. ಡಿವೈಡರ್ ಎಲ್ಲಿ ಒಡೆದಿದೆ, ದೀಪ ಎಲ್ಲಿ ಇಲ್ಲ, ಶಾಲೆಯ ಮಕ್ಕಳು ಯಾವ ಹೊತ್ತಿಗೆ ಎಲ್ಲಿ ದಾಟುತ್ತಾರೆ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಲಿ. ಅರ್ಜಿ ಉದ್ದವಾಗಿರಬೇಕಿಲ್ಲ, ಸಿಟ್ಟಿನ ಮಾತೂ ಬೇಕಿಲ್ಲ. ಎಲ್ಲರೂ ಸಹಿ ಹಾಕಿ ಜಿಲ್ಲಾಧಿಕಾರಿ ಕಚೇರಿಗೂ ಸಂಬಂಧಪಟ್ಟ ಇಲಾಖೆಗೂ ಕೊಡಲಿ. ಪ್ರತಿಯ ಮೇಲೆ ತಾರೀಕಿನ ಸಮೇತ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲು ಮರೆಯಬಾರದು. ಮೂರು ತಿಂಗಳು ನೋಡಿ ಕೆಲಸವಾಗದಿದ್ದರೆ, ಹಿಂದಿನ ಅರ್ಜಿಯ ತಾರೀಕನ್ನು ಕಾಣಿಸಿ ಇನ್ನೊಂದು ಕೊಡಲಿ.